ಪಟ್ಟಣ ಯಾರ ಋಣದಲ್ಲಿದೆ?

ಎಳ್ಳಮಾವಾಸ್ಯೆಗೆ ಮಟಕಿಗೆ ಹೋಗಿದ್ದೆ. ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ದುಡಿಯಲು ಹೋದ ನಮ್ಮ ಓಣಿಯ ಮಂದಿ ಊರು ನೆನೆಸಿಕೊಂಡು ಬರುವುದು ವರ್ಷಕ್ಕೆ ಎರಡೇ ಸಲ. ಒಂದು ಪಂಚಮಿಗೆ, ಇನ್ನೊಂದು ಈ ಅಮಾವಾಸ್ಯೆಗೆ. ನಮ್ಮ ಚಿಕ್ಕವ್ವನೂ ಬಂದಿದ್ದಳು. ಸ್ವಂತ ಹೊಲ ಇಲ್ಲದ ನಾವು ಇನ್ನೊಬ್ಬರ ತೊಗರಿ ಹೊಲದ ಬದುವಿನಲ್ಲಿ ಕೂತು ಸಜ್ಜಿ ರೊಟ್ಟಿ, ಭಜ್ಜಿ ಬಿಚ್ಚಿದ್ದೆವು. ಚಿಕ್ಕವ್ವ ಬೆಂಗಳೂರಿನ ಸುದ್ದಿ ಹೇಳುತ್ತಿದ್ದಳು. ಅವಳ ಕೆಲಸ ನೆಲ ಅಗೆಯುವುದು. ನೀರಿನ ಪೈಪು ಹೂಳಲು, ಕೇಬಲ್ ಹೂಳಲು, ಒಳಚರಂಡಿ ಕೊಳವೆ ಹೂಳಲು. ಮೇಸ್ತ್ರಿ ಗೆರೆ ಹಾಕಿದಲ್ಲಿ ಗುದ್ದಲಿ ಹಾಕಬೇಕು. ಏನು ಹೂಳುತ್ತೇವೆ ಅಂತ ಕೇಳುವ ರೂಢಿ ಇಲ್ಲ.

'ತಗ್ಗು ತೋಡಿದವರು ನಾವು. ಪೈಪ್ ಇಳಿಸಿದವರು ನಾವು. ಮಣ್ಣು ಮುಚ್ಚಿದವರು ನಾವು. ಆ ಪೈಪಿನಾಗ ಕಾವೇರಿ ನೀರು ಹರೀಲಿಕ್ಕ ಹತ್ತೇದ. ನಮ್ಮ ಶೆಡ್ಡಿಗಿ ಮಾತ್ರ ಟ್ಯಾಂಕರ್. ಅದೂ ಎರಡು ದಿನಕ್ಕೊಮ್ಮೆ. ಕೊಡಕ್ಕ ರೊಕ್ಕ ಕೊಡಬೇಕು' ಅಂದಳು.

ಅದೇ ಬದುವಿನ ಮೇಲೆ ಹಾದು ಹೋಗುತ್ತಿದ್ದ ಗೌಡರ ಮನೆತನದ ಹುಡುಗನೊಬ್ಬ ನಿಂತು ಕೇಳಿಸಿಕೊಂಡ. ಅವನೂ ಹಬ್ಬಕ್ಕೆ ಬಂದವನೇ. ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಫ್ಲಾಟ್ ತಗೊಂಡಿದ್ದಾನೆ. ಕೆಟ್ಟ ಹುಡುಗ ಅಲ್ಲ. ನಗುತ್ತಾ ಅಂದ: 'ಏ, ಕೂಲಿ ತಗೊಂಡೀ ಇಲ್ಲ ನೀ? ಪುಕ್ಕಟ ತೋಡಿಲ್ಲಲ್ಲ. ನಾನೂ ನೀರಿನ ಬಿಲ್ ಕಟ್ತೀನಿ. ನಿನ್ನ ಲೆಕ್ಕ ಮುಗೀತು, ನನ್ನ ಲೆಕ್ಕ ಮುಗೀತು. ಮತ್ತ ಯಾರ ಋಣ ಯಾರಿಗದ?'

ಚಿಕ್ಕವ್ವ 'ಹೌದ್ರೀ ಸಣ್ಣ ಗೌಡ್ರ' ಅಂತ ಅಂದು ರೊಟ್ಟಿ ಮುರಿದಳು. ಅವಳಿಗೆ ಅವನಷ್ಟು ವಯಸ್ಸಿನ ಮಗನಿದ್ದಾನೆ. ಅವನು ಅವಳಿಗೆ 'ನೀ', ಅವಳು ಅವನಿಗೆ 'ರೀ'. ಬೆಂಗಳೂರಿಗೆ ಹೋಗಿ ಬಂದರೂ ಈ ಎರಡು ಅಕ್ಷರ ಇಬ್ಬರಿಗೂ ಮರೆತಿಲ್ಲ.

ಆ ಹುಡುಗನ ಮಾತು ನನ್ನನ್ನು ಹತ್ತಿಕೊಂಡಿತು. ಬೈದು ಬಿಡುವಂಥ ಮಾತಲ್ಲ ಅದು. ಪಟ್ಟಣದಲ್ಲಿ ಬದುಕುವ ಓದಿದವರೆಲ್ಲರ ಎದೆಯೊಳಗಿನ ಮಾತು ಅದೇ. ಕೂಲಿ ಕೊಟ್ಟ ಮೇಲೆ ಋಣ ಉಳಿಯುತ್ತದೆಯೆ? ಬಿಲ್ಲು ಕಟ್ಟಿದ ಮೇಲೆ ನಳ ತಿರುವುವ ಮನುಷ್ಯನಿಗೂ ಆ ನಳ ಹೂತ ಮನುಷ್ಯಳಿಗೂ ನಡುವೆ ಏನಾದರೂ ಬಾಕಿ ಇದೆಯೆ?

ಮೊದಲು ಆ ಹುಡುಗನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಯಾಕೆಂದರೆ ಅವನ ಮಾತಿನಲ್ಲಿ ನಮ್ಮವರಿಗೆ ಬಿಡುಗಡೆ ಕೊಟ್ಟ ಒಂದು ಸತ್ಯವಿದೆ.

ಹಳ್ಳಿಯಲ್ಲಿ ಲೆಕ್ಕ ಎಂದೂ ಮುಗಿಯುತ್ತಿರಲಿಲ್ಲ. ಸತ್ತ ದನ ಎಳೆದವನು, ಸಾವಿನ ಸುದ್ದಿ ಹೊತ್ತು ಹತ್ತು ಊರು ನಡೆದವನು, ಕಣ ಕಾಯ್ದವನು, ಗೌಡನ ಅಂಗಳ ಕಸ ಹೊಡೆದವಳು ಇವರೆಲ್ಲ ದುಡಿದ ಮೇಲೂ ಋಣದಲ್ಲೇ ಇದ್ದರು. ಸುಗ್ಗಿಯಲ್ಲಿ ಕಣದ ತಳದ ಕಾಳು, ಹಬ್ಬಕ್ಕೆ ಸೆರಗೊಡ್ಡಿ ಇಸಗೊಂಡ ತಂಗಳ ರೊಟ್ಟಿ. ಅದಕ್ಕೆ 'ಅನ್ನದ ಋಣ' ಅಂತ ಹೆಸರು. ದುಡಿಸಿಕೊಂಡವನು ಧಣಿ, ದುಡಿದವನು ಋಣಗೇಡಿ ಆಗಬಾರದವನು! ಎಂಥಾ ಲೆಕ್ಕ ನೋಡಿ. ಇಂಥ ಊರಿನಿಂದ ಎದ್ದು ಹೋದ ಮನುಷ್ಯನಿಗೆ ವಾರದ ಕೊನೆಗೆ ಕೈಯಲ್ಲಿ ಬೀಳುವ ನಗದು ರೊಕ್ಕ ಬರೀ ರೊಕ್ಕ ಅಲ್ಲ. 'ಇಗೋ ನಿನ್ನ ಕೂಲಿ, ಇಗೋ ನಿನ್ನ ದಾರಿ' ಅನ್ನುವುದು ಅವನಿಗೆ ಮೊಟ್ಟಮೊದಲ ಗೌರವ.

ನಮ್ಮ ಮುತ್ಯಾ ಸೊಲ್ಲಾಪುರದ ಗಿರಣಿಗೆ ಹೋದವನು. ಅಲ್ಲಿಂದ ಕೆಲವು ವರ್ಷ ಮುಂಬಯಿ. ಆಳಂದದ ಕಡೆಯವರಿಗೆ ಬೆಂಗಳೂರು ಮೊನ್ನೆ ಮೊನ್ನೆಯ ಊರು. ಹಿಂದಿನವರಿಗೆ ಪಟ್ಟಣ ಅಂದರೆ ಸೊಲ್ಲಾಪುರ, ಮುಂಬಯಿ, ಹೈದರಾಬಾದು. ಮುತ್ಯಾ ಸಾಯುವತನಕ ಒಂದು ಮಾತು ಹೇಳುತ್ತಿದ್ದ. 'ಮುಂಬಯ್ಯಾಗ ನಳಕ್ಕ ಪಾಳಿ ಹಚ್ಚಿ ನಿಂತಿದ್ದೆ. ಮುಂದಿನವನ ಜಾತಿ ನನಗ ಗೊತ್ತಿಲ್ಲ, ನನ್ನ ಜಾತಿ ಹಿಂದಿನವಗ ಗೊತ್ತಿಲ್ಲ. ನಳ ಯಾರಿಗೂ ಏನೂ ಕೇಳಲಿಲ್ಲ.' ಊರ ಬಾವಿಯ ಕಟ್ಟೆ ಹತ್ತುವಂತಿಲ್ಲದೆ, ಯಾರಾದರೂ ಮೇಲಿಂದ ನೀರು ಹುಯ್ಯಲಿ ಅಂತ ಕೊಡ ಇಟ್ಟುಕೊಂಡು ಕೂತವನ ಮಾತು ಇದು. 1927ರ ಮಾರ್ಚಿಯಲ್ಲಿ ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಿದರಲ್ಲ, ಆ ಕೆರೆಗಾಗಿ ಕೋರ್ಟಿನಲ್ಲಿ ಹತ್ತು ವರ್ಷ ಹೊಡೆದಾಡಬೇಕಾಯಿತು. ಅದೇ ಕಾಲಕ್ಕೆ ಮುಂಬಯಿಯ ನಳ ತನ್ನ ಪಾಡಿಗೆ ತಾನು ಸುರಿಯುತ್ತಿತ್ತು. ಅಂಬೇಡ್ಕರರು ತಾವೂ 1912ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದದ್ದು ಪರಳದ ಚಾಳಿನ ಖೋಲಿಯಲ್ಲಿ. ಆ ಚಾಳು ಕಟ್ಟಿದ್ದು ಮುಂಬಯಿಯ ಇಂಪ್ರೂವ್‌ಮೆಂಟ್ ಟ್ರಸ್ಟು, ಅದು ಹುಟ್ಟಿದ್ದು 1896ರ ಪ್ಲೇಗಿನ ಹೆದರಿಕೆಯಲ್ಲಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು ಹಳ್ಳಿಯ ಭಜನೆ ಮಾಡುವವರ ಮುಖಕ್ಕೆ ಅವರು ಹೊಡೆದಂತೆ ಮಾತಾಡಿದ್ದು ಸುಮ್ಮನೆ ಅಲ್ಲ. ಹಳ್ಳಿ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು, ಪಟ್ಟಣ ಏನು ಕೊಡಬಹುದು ಅಂತಲೂ ಗೊತ್ತಿತ್ತು.

ಆದ್ದರಿಂದ ಪಟ್ಟಣವನ್ನು ಬೈದು, ಹಸಿರು ಹಳ್ಳಿಗೆ ವಾಪಸ್ಸು ಹೋಗೋಣ ಅನ್ನುವ ಕವಿಗಳ ಜೊತೆ ನಾನಿಲ್ಲ. ಅವರು ಹೋಗಲಿ. ಕೇರಿಯಲ್ಲಿ ಖಾಲಿ ಮನೆ ಬೇಕಾದಷ್ಟಿವೆ.

ಆದರೆ ನಳದ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕಲಕತ್ತೆಗೆ ಕೊಳವೆ ನೀರು ಬಂದಾಗ ಅಲ್ಲಿನ ಸನಾತನಿಗಳಿಗೆ ಸಂಕಟ ಹುಟ್ಟಿತಂತೆ. ಒಂದೇ ಕೊಳವೆ, ಎಲ್ಲ ಜಾತಿಯ ಕೈ! ಕುಡಿದರೆ ಜಾತಿ ಹೋಗುತ್ತದೆ, ಬಿಟ್ಟರೆ ಕಾಲರಾ ಬರುತ್ತದೆ. ಕೊನೆಗೆ ಪಂಡಿತರು ಹಾದಿ ಕಂಡುಕೊಂಡರು. ನೀರಿಗೆ ತೆರಿಗೆ ಕಟ್ಟುತ್ತೇವಲ್ಲ, ಆ ತೆರಿಗೆಯೇ ಪ್ರಾಯಶ್ಚಿತ್ತ! ಈ ಕಥೆ ಪುಸ್ತಕಗಳಲ್ಲಿ ಬರುತ್ತದೆ. ನಮ್ಮ ಬದುವಿನ ಮೇಲೆ ನಿಂತ ಹುಡುಗನ ಮಾತು ಕೇಳಿದಾಗ ನನಗೆ ನೆನಪಾದದ್ದು ಈ ಪಂಡಿತರು. 'ಬಿಲ್ ಕಟ್ತೀನಿ' ಅನ್ನುವುದರಲ್ಲಿ ಲೆಕ್ಕ ಎಷ್ಟು, ಪ್ರಾಯಶ್ಚಿತ್ತ ಎಷ್ಟು?

ಬೆಂಗಳೂರಿಗೆ ಬರೋಣ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಹುಳದಂತೆ ಸತ್ತಾಗ ಸರ್ಕಾರ ಬಸವನಗುಡಿ, ಮಲ್ಲೇಶ್ವರ ಅಂತ ಹೊಸ ಬಡಾವಣೆ ಮಾಡಿತು. ಗಾಳಿ, ಬೆಳಕು, ಅಗಲ ರಸ್ತೆ, ಮುಂದೆ ಹೂವಿನ ಗಿಡ. ಬೆಂಗಳೂರಿನ ಹಳಬರು ಇವತ್ತಿಗೂ ಆ ಬಡಾವಣೆಗಳ ಹೆಸರು ಹೇಳಿ ಬಾಯಿ ಚಪ್ಪರಿಸುತ್ತಾರೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಒಬ್ಬ ಗೆಳೆಯ ಮನೆಗಳ ಹಿಂದುಗಡೆ ಕರೆದುಕೊಂಡು ಹೋಗಿ ತೋರಿಸಿದ. ಸಾಲು ಮನೆಗಳ ಬೆನ್ನಿಗೆ ಬೆನ್ನು. ನಡುವೆ ಒಬ್ಬ ಮನುಷ್ಯ ಬಕೇಟು ಹೊತ್ತು ನಡೆಯುವಷ್ಟು ಒಂದು ಸಂದಿ. 'ಇದಕ್ಕೆ ಕನ್ಸರ್ವೆನ್ಸಿ ಗಲ್ಲಿ ಅಂತಾರೆ' ಅಂದ. ಮನೆಯ ಹಿತ್ತಲ ಕಕ್ಕಸಿನಿಂದ ಮಲ ತೆಗೆಯುವವರು ಮುಂದಿನ ರಸ್ತೆಯಲ್ಲಿ ಕಾಣಬಾರದು. ಅವರಿಗೆಂದೇ ಬೇರೆ ದಾರಿ.

ನಾನು ಆ ಗಲ್ಲಿಯಲ್ಲಿ ತುಸು ಹೊತ್ತು ನಿಂತೆ. ಊರಿನಲ್ಲಿ ನಮ್ಮನ್ನು ಇಟ್ಟದ್ದು ಊರ ಹೊರಗೆ. ಮಟಕಿಯಿರಲಿ, ಅಫಜಲಪುರದ ಕಡೆಯ ಹಳ್ಳಿಯಿರಲಿ, ಜೇವರ್ಗಿಯ ಕಡೆಯದಿರಲಿ, ಕೇರಿ ಎಲ್ಲಿದೆ ಅಂತ ಕಣ್ಣು ಕಟ್ಟಿಕೊಂಡು ಹೋದರೂ ಹೇಳಬಹುದು. ಪಟ್ಟಣ ಕಟ್ಟಿದ ಎಂಜಿನಿಯರು ಬುದ್ಧಿವಂತ. ಅವನು ಕೇರಿಯನ್ನು ಹೊರಗಿಡಲಿಲ್ಲ, ಉದ್ದಕ್ಕೆ ಎಳೆದು ಮನೆಮನೆಯ ಹಿಂದೆ ಗಲ್ಲಿ ಮಾಡಿ ಹಾಸಿದ. ನಕ್ಷೆಯಲ್ಲಿ ಅದೊಂದು ತೆಳು ಗೆರೆ. ಯಾವ ಮನುಸ್ಮೃತಿಯೂ ಬೇಕಾಗಲಿಲ್ಲ, ಒಂದು ಸ್ಕೇಲು ಪಟ್ಟಿ ಸಾಕಾಯಿತು.

ಆಮೇಲೆ ಫ್ಲಶ್ ಬಂತು, ಒಳಚರಂಡಿ ಬಂತು. ಗಲ್ಲಿಗೆ ಕೆಲಸ ಇಲ್ಲವಾಯಿತು. ಕೆಲವು ಗಲ್ಲಿಗಳನ್ನು ಮನೆಯವರೇ ನುಂಗಿಕೊಂಡರು, ಕೆಲವು ಕಡೆ ಗಾಡಿ ನಿಲ್ಲಿಸುತ್ತಾರೆ. ಆದರೆ ಆ ಗಲ್ಲಿ ಸತ್ತಿತೆಂದು ತಿಳಿಯಬೇಡಿ. ಅದು ನೆಲದ ಕೆಳಗೆ ಹೋಯಿತು. ಮುಂಚೆ ಹಿತ್ತಲಲ್ಲಿ ನಡೆಯುತ್ತಿದ್ದವನು ಈಗ ಮುಚ್ಚಳ ತೆಗೆದು ಗುಂಡಿಗೆ ಇಳಿದ.

ಗುಂಡಿಯೊಳಗೆ ಏನಿರುತ್ತದೆ ಅಂತ ಫ್ಲಶ್ ಒತ್ತುವವರಿಗೆ ಒಮ್ಮೆ ಹೇಳಬೇಕು. ಕೊಳೆತ ಮಲದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲಿಗೆ ಕೊಳೆತ ತತ್ತಿಯಂತೆ ನಾರುತ್ತದೆ. ಹೆಚ್ಚಾದಾಗ ನಾತ ತಿಳಿಯುವ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ನಿಂತಿತು ಅಂತ ಮನುಷ್ಯ ಇನ್ನೊಂದು ಹೆಜ್ಜೆ ಇಳಿಯುತ್ತಾನೆ. ಅಲ್ಲಿಗೆ ಮುಗಿಯಿತು. ಮೇಲಿದ್ದವನು ಗೆಳೆಯನೋ ತಮ್ಮನೋ ಆಗಿರುತ್ತಾನೆ, ಎತ್ತಲು ಇಳಿಯುತ್ತಾನೆ. ಅದಕ್ಕೇ ಗುಂಡಿಯ ಸಾವು ಒಂಟಿಯಾಗಿ ಬರುವುದು ಕಡಿಮೆ. 2017ರ ಮಾರ್ಚಿಯಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಮೂವರು. 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಗುಂಡಿಯಲ್ಲಿ ಮೂವರು. ಎರಡನೆಯದು ಸರ್ಕಾರದ ಗುಂಡಿಯಲ್ಲ, ಬಿಲ್ಲು ಕಟ್ಟುವವರ ಸ್ವಂತ ಗುಂಡಿ.

ಕಾನೂನು ಇಲ್ಲವೆ? ಬೇಕಾದಷ್ಟಿದೆ. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು. 2014ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು 1993ರಿಂದೀಚೆಗೆ ಗುಂಡಿಯಲ್ಲಿ ಸತ್ತ ಪ್ರತಿಯೊಬ್ಬನ ಮನೆಯವರಿಗೆ 10 ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ದೆಹಲಿ, ಮುಂಬಯಿ, ಚೆನ್ನೈ, ಕೊಲ್ಕತ್ತ, ಬೆಂಗಳೂರು, ಹೈದರಾಬಾದ್ ಈ ಆರು ಮಹಾನಗರಗಳಲ್ಲಿ ಮನುಷ್ಯನನ್ನು ಗುಂಡಿಗೆ ಇಳಿಸಕೂಡದು ಅಂತ ಮತ್ತೆ ಹೇಳಿತು. ಮೊದಲೇ ನಿಷೇಧವಾದದ್ದನ್ನು ಮತ್ತೆ ನಿಷೇಧಿಸಬೇಕಾಗಿ ಬರುವ ದೇಶ ನಮ್ಮದು.

ಈಗ ಹುಡುಗನ ಲೆಕ್ಕಕ್ಕೆ ಮರಳುತ್ತೇನೆ. ಕೂಲಿ ಕೊಟ್ಟರೆ ಬಾಕಿ ತೀರುತ್ತದೆ ಅನ್ನುವುದು ಯಾವಾಗ ಸರಿ? ಕೊಡುವವನಿಗೂ ಇಸಗೊಳ್ಳುವವನಿಗೂ 'ಒಲ್ಲೆ' ಅನ್ನುವ ತಾಕತ್ತು ಇದ್ದಾಗ. ಸಂತೆಯಲ್ಲಿ ತೊಗರಿ ಮಾರುವವನು ಬೆಲೆ ಸರಿ ಬರದಿದ್ದರೆ ಚೀಲ ಕಟ್ಟಿಕೊಂಡು ಹೋಗಬಹುದು (ಸಾಲ ಇದ್ದರೆ ಅವನಿಂದಲೂ ಆಗದು, ಆ ಮಾತು ಬೇರೆ). ಗುಂಡಿಗಿಳಿಯುವವನು ಒಲ್ಲೆ ಅಂದು ಎಲ್ಲಿಗೆ ಹೋಗಬೇಕು? ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಎಲ್ಲವೂ ಬರೀ ರೊಕ್ಕದ ವ್ಯವಹಾರವಾಗಿದ್ದರೆ, ಇಷ್ಟು ಅಪಾಯದ, ಇಷ್ಟು ಹೊಲಸಿನ ಕೆಲಸಕ್ಕೆ ಯಾರೂ ಬಾರದೆ ಕೂಲಿ ಆಕಾಶಕ್ಕೆ ಏರಬೇಕಿತ್ತು. ವಿಮಾನ ಹಾರಿಸುವವನಿಗೆ ಕೊಟ್ಟಂತೆ ಕೊಡಬೇಕಿತ್ತು. ಆಗ ಎಲ್ಲ ಜಾತಿಯ ಹುಡುಗರೂ ಬಂದು ಪಾಳಿ ಹಚ್ಚುತ್ತಿದ್ದರು. ಹಾಗೆ ಆಗಿಲ್ಲ. ಕೂಲಿ ಕನಿಷ್ಠ, ಅಪಾಯ ಗರಿಷ್ಠ, ಆದರೂ ಜನ ಕಡಿಮೆ ಬಿದ್ದಿಲ್ಲ. ಅಂದರೆ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಕೂಲಿ ಅಲ್ಲ, ಹುಟ್ಟು. ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಸಿಂಹಪಾಲು ದಲಿತ ಹೆಂಗಸರು, ಬಹಳಷ್ಟು ಮಂದಿ ತೆಲುಗು ಮಾತಾಡುವ ಮಾದಿಗರು. ಹುಟ್ಟಿನಿಂದ ಸಿಕ್ಕ ರಿಯಾಯಿತಿ ದರದಲ್ಲಿ ಪಟ್ಟಣ ಸ್ವಚ್ಛವಾಗುತ್ತಿದೆ. ಆ ರಿಯಾಯಿತಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಬಾಕಿ ಇರುವುದು ಅಲ್ಲಿ.

ನಮ್ಮ ಚಿಕ್ಕವ್ವನ ಲೆಕ್ಕ ಬೇರೆ ತರಹದ್ದು. ಅವಳನ್ನು ಬೆಂಗಳೂರಿಗೆ ತಳ್ಳಿದ್ದು ಜಾತಿ ಒಂದೇ ಅಲ್ಲ, ಬರವೂ ಹೌದು, ನೀರಿಲ್ಲದ ಹೊಲವೂ ಹೌದು. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಬರೆಯಿತು. ಭೀಮೆ ಹರಿಯುವ ನೆಲ, ಅಮರ್ಜಾಕ್ಕೆ ಅಣೆಕಟ್ಟು ಕಟ್ಟಿದ ನೆಲ, ಆದರೂ ಸುಗ್ಗಿ ಮುಗಿದರೆ ಕಲಬುರಗಿ ಸ್ಟೇಷನ್ನಿನಲ್ಲಿ ಉದ್ಯಾನ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಗೆ ನೂಕಾಡುವ ಮಂದಿ. ತಲೆ ಮೇಲೆ ರೊಟ್ಟಿ ಗಂಟು, ಬಗಲಲ್ಲಿ ಕೂಸು.

ಅತ್ತ ಬೆಂಗಳೂರಿಗೆ ನೀರು ಎಲ್ಲಿಂದ ಬರುತ್ತದೆ? ಸುಮಾರು ನೂರು ಕಿಲೋಮೀಟರು ದೂರದ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಹೀಗೆ ಮೂರು ಕಡೆ ಪಂಪು ಹಚ್ಚಿ ನದಿಯನ್ನು ಗುಡ್ಡ ಹತ್ತಿಸುತ್ತಾರೆ. 1974ರಲ್ಲಿ ಮೊದಲ ಹಂತ ಬಂತು, 2024ರ ಅಕ್ಟೋಬರಿನಲ್ಲಿ ಐದನೆಯದು. ಐದನೆಯದರಿಂದಲೇ ದಿನಕ್ಕೆ 77.5 ಕೋಟಿ ಲೀಟರು, ಪಟ್ಟಣ ನುಂಗಿದ 110 ಹಳ್ಳಿಗಳಿಗೆ. ಅದಕ್ಕೂ ಏಳು ತಿಂಗಳ ಮುಂಚೆ, ಮಾರ್ಚಿಯಲ್ಲಿ, ಬೆಂಗಳೂರಿನಲ್ಲಿ ನೀರಿಲ್ಲ ಅಂತ ದೇಶವೆಲ್ಲ ಕೂಗಾಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದರು. ನಮ್ಮ ಕಡೆ ಆ ಬೇಸಿಗೆಯಲ್ಲೂ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅದು ಸುದ್ದಿಯಲ್ಲ, ಪ್ರತಿ ವರ್ಷದ ಬೇಸಿಗೆ. ಇನ್ನು ಪಟ್ಟಣ ಬಳಸಿ ಬಿಟ್ಟ ನೀರು? ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ಬೆಂಕಿ ಹತ್ತಿದ್ದನ್ನು ಎಲ್ಲರೂ ನೋಡಿದ್ದಾರೆ. 2018ರಿಂದ ಅದನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಾರೆ. ಕಸವನ್ನು ಮಂಡೂರಿಗೆ, ಮಾವಳ್ಳಿಪುರಕ್ಕೆ ಸುರಿದರು. ಆ ಹಳ್ಳಿಯವರು ಲಾರಿಗೆ ಅಡ್ಡ ಮಲಗಿದ ಮೇಲೆ ಒಂದನ್ನು 2012ರಲ್ಲಿ, ಇನ್ನೊಂದನ್ನು 2014ರಲ್ಲಿ ನಿಲ್ಲಿಸಬೇಕಾಯಿತು. ಒಳ್ಳೆಯದು ಒಳಗೆ, ಹೊಲಸು ಹೊರಗೆ. ನಮ್ಮ ಊರಿನ ಗೌಡಕಿ ಮನೆತನಕ್ಕೂ ಈ ಮಹಾನಗರಕ್ಕೂ ನಡತೆಯಲ್ಲಿ ಏನು ಭೇದ?

ಒಂದು ಸಲ ಈ ಲೆಕ್ಕದ ಬಣ್ಣ ಬಯಲಾದದ್ದನ್ನು ನಾವೆಲ್ಲ ಕಂಡಿದ್ದೇವೆ. 2020ರ ಮೇ ತಿಂಗಳು. ಲಾಕ್‌ಡೌನ್. ಕೆಲಸ ನಿಂತು, ಕೂಲಿ ನಿಂತು, ಕಟ್ಟಡದವರು ಊರಿಗೆ ಹೊರಟರು. ನಮ್ಮ ಕಡೆಯವರು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದರು. ಮೊದಲು ಹೆಚ್ಚಿನ ದರ ಕೇಳಿದರು, ಎಲ್ಲರೂ ಛೀ ಅಂದ ಮೇಲೆ ಉಚಿತ ಮಾಡಿದರು. ಉತ್ತರದ ರಾಜ್ಯದವರಿಗೆ ರೈಲು ಗೊತ್ತಾಗಿತ್ತು. ಮೇ 5ರಂದು ಸರ್ಕಾರ ಕಟ್ಟಡ ಕಂಪನಿಗಳ ಮಾಲೀಕರ ಜೊತೆ ಸಭೆ ಮಾಡಿ, ಆ ರೈಲುಗಳು ಬೇಡ ಅಂತ ಪತ್ರ ಬರೆಯಿತು. ಕೂಲಿಯವರು ಹೋದರೆ ಕಟ್ಟಡ ಯಾರು ಕಟ್ಟುತ್ತಾರೆ? ದೇಶದಾದ್ಯಂತ ಉಗಿದ ಮೇಲೆ ಎರಡು ಮೂರು ದಿನದಲ್ಲಿ ರೈಲು ಮತ್ತೆ ಬಿಟ್ಟರು. ನನ್ನ ಪ್ರಶ್ನೆ ಇಷ್ಟೇ. ಕೂಲಿ ಕೊಟ್ಟ ದಿನವೇ ಲೆಕ್ಕ ಮುಗಿದಿದ್ದರೆ, ಹೊರಟು ನಿಂತವನ ರೈಲು ಯಾಕೆ ನಿಲ್ಲಿಸಬೇಕಿತ್ತು? ಲೆಕ್ಕ ಮುಗಿದವನನ್ನು ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಪಟ್ಟಣಕ್ಕೆ ತಾನು ಯಾರ ಹೆಗಲ ಮೇಲೆ ನಿಂತಿದ್ದೇನೆ ಅಂತ ಚೆನ್ನಾಗಿ ಗೊತ್ತಿದೆ. ಆ ಗೊತ್ತಿರುವುದನ್ನು ಅದು ಋಣ ಅಂತ ಕರೆಯುವುದಿಲ್ಲ, 'ಲೇಬರ್ ಶಾರ್ಟೇಜ್' ಅಂತ ಕರೆಯುತ್ತದೆ.

ಇಷ್ಟೆಲ್ಲ ಬರೆದ ನಾನು ಎಲ್ಲಿದ್ದೇನೆ? ಹೇಳದೆ ಹೋದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ.

ನಾನು ಈಗ ಕಲಬುರಗಿಯ ಒಂದು ಬಡಾವಣೆಯಲ್ಲಿದ್ದೇನೆ. ಮೀಸಲಾತಿಯಿಂದ ನೌಕರಿ, ಸಾಲದಿಂದ ಮನೆ. ಎರಡು ವರ್ಷದ ಹಿಂದೆ ಮನೆ ಮುಂದಿನ ಒಳಚರಂಡಿ ಕಟ್ಟಿಕೊಂಡು ಸಂಡಾಸದ ನೀರು ಬಚ್ಚಲಿಗೆ ಏರಿತು. ಫೋನು ಮಾಡಿದೆ. ಯಾರೂ ಬರಲಿಲ್ಲ. ಮಗ್ಗಲ ಮನೆಯವರು ಒಬ್ಬನ ನಂಬರು ಕೊಟ್ಟರು. ಅವನು ಬಿದಿರಿನ ದಬ್ಬೆ ಹೊತ್ತುಕೊಂಡು ಬಂದ. ಜೊತೆಗೆ ಒಬ್ಬ ಹುಡುಗ. ದಬ್ಬೆಯಿಂದ ಆಗಲಿಲ್ಲ. ಅವನು ಅಂಗಿ ಬಿಚ್ಚಿದ. ನನಗೆ ಎಲ್ಲ ಕಾನೂನೂ ಗೊತ್ತಿತ್ತು. ಭಾಷಣದಲ್ಲಿ ಹೇಳಿದ್ದೆ. 'ಇಳೀಬ್ಯಾಡೋ' ಅಂತ ಅನ್ನಲಿಲ್ಲ. ಗೇಟಿನ ಒಳಗೆ ನಿಂತು, ಮೂಗಿಗೆ ಟವೆಲ್ಲು ಹಿಡಿದು ನೋಡಿದೆ. ಎದೆಮಟ್ಟ ಇಳಿದ, ಕೈಯಿಂದ ತೆಗೆದ, ಹತ್ತಿ ಬಂದ. ನೀರು ಸರ್ರನೆ ಇಳಿಯಿತು. ನನಗೆ ಸಮಾಧಾನವಾಯಿತು. ಮಾತಾಡಿದ್ದಕ್ಕಿಂತ ನೂರು ರೂಪಾಯಿ ಹೆಚ್ಚು ಕೊಟ್ಟೆ. ನೋಡಿ, ನನ್ನ ಪ್ರಾಯಶ್ಚಿತ್ತವೂ ರೊಕ್ಕದಲ್ಲೇ ಆಯಿತು.

ಅವನು ಕುಡಿಯಲು ನೀರು ಕೇಳಿದ. ನಾನು ಒಳಗೆ ಹೋದೆ. ಸ್ಟೀಲಿನ ಚರಗಿ ಕೈಯಲ್ಲಿ ತಗೊಂಡೆ. ಇಟ್ಟೆ. ಖಾಲಿ ಪ್ಲಾಸ್ಟಿಕ್ ಬಾಟ್ಲಿ ಒಂದಿತ್ತು, ಅದರಲ್ಲಿ ತುಂಬಿ ತಂದು ಕೊಟ್ಟೆ. ಅವನು ಗಟಗಟ ಕುಡಿದು ಬಾಟ್ಲಿ ಮುಚ್ಚಳ ತಿರುವುತ್ತಾ, ನಮ್ಮ ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ಬಾಗಿಲಲ್ಲಿಂದ ನೋಡಿ, 'ನೀವೂ ನಮ್ಮವರೇ ಏನ್ರೀ ಅಣ್ಣಾರ?' ಅಂದ. ಹೌದು ಅಂದೆ. 'ಬಾಟ್ಲಿ ವಾಪಸ್ ಬೇಕೇನ್ರೀ?' ಅಂತ ಕೇಳಿದ. ಬೇಡ ಅಂದೆ.

ನಮ್ಮ ಮುತ್ಯಾನಿಗೆ ಮೇಲಿಂದ ನೀರು ಹುಯ್ದವರ ಕೈಗೂ ನನ್ನ ಕೈಗೂ ನಡುವೆ ಆ ದಿನ ಎಷ್ಟು ದೂರ ಇತ್ತು ಅಂತ ಅಳೆಯಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ. ಹೊಲಸಿನ ಕೈ ಅಂತ ಹಾಗೆ ಮಾಡಿದೆ, ಜಾತಿಯಿಂದಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ. ಅವರೂ ಹಾಗೇ ಹೇಳಿಕೊಂಡಿರಬೇಕು.

ಇನ್ನು ನಮ್ಮ ಚಳವಳಿಯೊಳಗೇ ಇತ್ಯರ್ಥವಾಗದ ಒಂದು ಜಗಳವಿದೆ. ಪಟ್ಟಣಕ್ಕೆ ನಾವು ಕೇಳಬೇಕಾದ್ದು ಏನು? ಕೆಲಸ ಖಾಯಂ ಮಾಡು ಅಂತಲೆ, ಅಥವಾ ಈ ಕೆಲಸವೇ ಬೇಡ ಅಂತಲೆ?

1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಅಂದದ್ದಕ್ಕೆ ಅವರ ಮೇಲೆ ಬೆಂಕಿ ಕಾರಿದ ನಾಡು, ತಲೆ ಮೇಲಿನ ಬಕೇಟು ಇಳಿಸಿದ್ದಕ್ಕೆ ಅವರನ್ನು ಎಷ್ಟು ನೆನೆದಿದೆ? 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ, ಪ್ರತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಹೇಳಿತು. ಸರ್ಕಾರಗಳು ಆ ವರದಿಯನ್ನು ಮಡಿಚಿಟ್ಟು ಗುತ್ತಿಗೆದಾರನನ್ನು ತಂದವು. ಬಕೇಟು ನಿಂತು ನಾಲ್ಕು ದಶಕವಾಯಿತು ಅಂದುಕೊಂಡಿದ್ದಾಗ, 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಮನೆತನದವರು ತಮ್ಮನ್ನು ಜಾಗ ಬಿಡಿಸಲು ಬಂದವರ ಎದುರು, ಹೊತ್ತದ್ದನ್ನೇ ಮೈ ಮೇಲೆ ಸುರಿದುಕೊಂಡರು. 2018ರ ಜುಲೈಯಲ್ಲಿ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಸಂಬಳ ಸಿಗದ ಒಬ್ಬ ಪೌರಕಾರ್ಮಿಕ ಪ್ರಾಣ ಕಳಕೊಂಡ. 2022ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ಕಸಬರಗಿ ಕೆಳಗಿಟ್ಟು ಮುಷ್ಕರ ಹೂಡಿದರು. ನಾಲ್ಕೇ ದಿನಕ್ಕೆ ಸರ್ಕಾರ ಮಾತಿಗೆ ಬಂತು. 2025ರ ಮೇ ಒಂದರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಖಾಯಂ ಪತ್ರ ಸಿಕ್ಕಿತು.

ಆ ಪತ್ರ ಹಿಡಿದ ಹೆಂಗಸರ ಮುಖ ಟಿ.ವಿ.ಯಲ್ಲಿ ನೋಡಿ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಆದರೆ ಒಂದು ಸಂಗತಿ ಮನಸ್ಸಿನಲ್ಲಿ ಮುಳ್ಳಾಡುತ್ತದೆ. ಖಾಯಂ ನೌಕರಳು ತೀರಿಕೊಂಡರೆ ಅನುಕಂಪದ ಆಧಾರದ ಮೇಲೆ ಮಗನಿಗೆ ಕೆಲಸ. ನನಗೆ ಗೊತ್ತಿರುವ ಒಬ್ಬ ಹುಡುಗ ಬಿ.ಎ. ಮುಗಿಸಿದ್ದ. ತಾಯಿ ಸತ್ತ ಮೇಲೆ ಅವಳ ಕಸಬರಗಿ ಅವನ ಕೈಗೆ ಬಂತು. ಹುಟ್ಟಿನಿಂದ ಬರುತ್ತಿದ್ದ ಕಸುಬು ಈಗ ಸರ್ಕಾರಿ ಆದೇಶದಿಂದ ಬಂತು, ಅದೂ ಅನುಕಂಪದಿಂದ! ಅವನನ್ನು ಕೇಳಿದೆ, ಬಿಡಬಾರದೇನೋ ತಮ್ಮಾ ಅಂತ. 'ಬಿಟ್ರ ನೀವು ಕೊಡ್ತೀರೇನ್ರೀ ಅಣ್ಣಾ ಸಂಬಳ?' ಅಂದ. ನಾನು ಬಾಯಿ ಮುಚ್ಚಿದೆ.

ಈ ಕೆಲಸ ಪವಿತ್ರ, ತಾಯಿ ಮಗುವಿನ ಹೊಲಸು ತೆಗೆದಂತೆ, ಅಂತ ಗಾಂಧಿ ಹೇಳಿದಾಗ ಅಂಬೇಡ್ಕರರು ಅದನ್ನು ಕ್ರೌರ್ಯ ಅಂದರು. ಹೊಗಳಿಕೆಯಿಂದ ಕೆಲಸಕ್ಕೆ ಕಟ್ಟಿಹಾಕುವುದು ಸರಪಳಿಗಿಂತ ಅಗ್ಗದ ಉಪಾಯ. ಈಗ ನಮ್ಮ ಕಲ್ಯಾಣದ ಹೆಸರಿನಲ್ಲಿ ಅದೇ ನಡೆದಿದೆ. ವರ್ಷಕ್ಕೊಮ್ಮೆ ಪೌರಕಾರ್ಮಿಕರನ್ನು ವೇದಿಕೆ ಮೇಲೆ ಕೂರಿಸಿ, ಪಾದ ತೊಳೆದು, ಶರಣರ ಕಾಯಕದ ಭಾಷಣ ಮಾಡುತ್ತಾರೆ. ಶರಣರು ಕಾಯಕ ಅಂದದ್ದು ಹುಟ್ಟಿನ ಕಸುಬಿಗೆ ಹೊಳಪು ಹಚ್ಚಲು ಅಲ್ಲ, ಕಸುಬಿನ ಮೇಲಿನ ಮೇಲು ಕೀಳು ಒಡೆಯಲು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿ ಕಣ್ಣು ಕೀಳಿಸಿಕೊಂಡವರು ಅವರು. ಪಾದ ತೊಳೆಯುವ ಸಾಹೇಬರು ಆ ಪಾದದ ಮನೆಗೆ ಮಗಳನ್ನು ಕೊಡುವ ಮಾತು ಎತ್ತಲಿ, ಆಮೇಲೆ ಕಾಯಕದ ಮಾತು ಆಡೋಣ.

ಹಾಗಾದರೆ ಖಾಯಂ ಬೇಕೋ ಬೇಡವೋ? ನನಗೆ ತೋರುವುದನ್ನು ಹೇಳುತ್ತೇನೆ, ಒಪ್ಪದವರು ಬರೆಯಲಿ. ಬೀದಿ ಗುಡಿಸುವುದು ಬೇರೆ, ಗುಂಡಿಗೆ ಇಳಿಯುವುದು ಬೇರೆ. ಗುಂಡಿಯ ಕೆಲಸಕ್ಕೆ ಖಾಯಂ ಅನ್ನುವ ಮಾತೇ ಇಲ್ಲ. ಅದು ಮನುಷ್ಯನಿಗೆ ನಿಲ್ಲಬೇಕು, ಇವತ್ತೇ ನಿಲ್ಲಬೇಕು, ಸಂಡಾಸ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ, ಮೆಷಿನ್ ಬರುವತನಕ ಮನೆಯವರು ಚರಗಿ ಹಿಡಿದು ಬಯಲಿಗೆ ಹೋಗಲಿ. ನಾವು ನೂರಾರು ವರ್ಷ ಹೋಗಿದ್ದೇವೆ, ಸತ್ತಿಲ್ಲ. ಗುಡಿಸುವ ಕೆಲಸಕ್ಕೆ ಖಾಯಂ ಸಂಬಳ ಬೇಕು, ಗುಡಿಸುವವಳ ಮಗಳಿಗೆ ಖಾಯಂ ಸಾಲೆ ಬೇಕು. ಆ ಕೆಲಸಕ್ಕೆ ಅರ್ಜಿ ಹಾಕುವವರ ಸಾಲಿನಲ್ಲಿ ಬೇರೆ ಜಾತಿಯವರು ಬಂದು ನಿಂತ ದಿನ ಸಂಬಳ ಸರಿಯಾಯಿತು ಅಂತ ತಿಳಿಯೋಣ. ಆ ದಿನದತನಕ ಬಿ.ಎ. ಓದಿದ ಆ ಹುಡುಗನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ.

ಹಬ್ಬ ಮುಗಿದು ಹೊರಡುವ ಮುಂಚೆ ಚಿಕ್ಕವ್ವ ಕಲಬುರಗಿಗೆ ನಮ್ಮ ಮನೆಗೆ ಬಂದಳು. ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಬೇಕಿತ್ತು. 1996ರ ಕಾನೂನು ತಂದ ಪದ್ಧತಿಯಂತೆ ಕಟ್ಟಡದ ಖರ್ಚಿನಲ್ಲಿ ಒಂದು ಪಾಲು ಸೆಸ್ ಹಿಡಿದು, ಆ ರೊಕ್ಕ ಇಂಥವರ ಆಸ್ಪತ್ರೆಗೆ, ಮಕ್ಕಳ ಓದಿಗೆ, ಪಿಂಚಣಿಗೆ ಇಟ್ಟಿದ್ದಾರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಬಗ್ಗೆ ಪ್ರಮಾಣಪತ್ರ ಬೇಕು. ಅವಳು 300 ದಿನ ದುಡಿದಿದ್ದಾಳೆ. ಬರೆದುಕೊಡುವವರು ಯಾರು?

ಅರ್ಜಿ ತುಂಬಲು ಕೂತೆ. ಹೆಸರು, ಗಂಡನ ಹೆಸರು, ಊರು ಮಟಕಿ, ತಾಲ್ಲೂಕು ಆಳಂದ. ಕೆಲಸ ಕೊಟ್ಟ ಮಾಲೀಕರ ಹೆಸರು ಅಂತ ಒಂದು ಸಾಲು ಬಂತು. 'ಯಾರು ಚಿಕ್ಕವ್ವ ನಿಮ್ಮ ಮಾಲೀಕರು?' ಅಂತ ಕೇಳಿದೆ.

'ಯಾರಂತ ಹೇಳ್ಲೋ ತಮ್ಮಾ? ಮೊದಲ ಒಬ್ಬ ಮೇಸ್ತ್ರಿ ಇದ್ದ, ಆಂವ ಓಡಿಹೋದ. ಆಮ್ಯಾಲ ಸೇಡಂ ಕಡೀದಾಂವ ಬಂದ. ಅವನ ಮ್ಯಾಲ ಒಬ್ಬ ಗುತ್ತೇದಾರ ಇದ್ದಾನಂತ, ನಾ ಮಾರಿ ನೋಡಿಲ್ಲ. ಅವನ ಮ್ಯಾಲ ಕಂಪನಿ ಅಂತಾರ. ಕಂಪನಿ ಮ್ಯಾಲ ಸರಕಾರ ಅಂತಾರ. ನೀರು ಕುಡಿಯೋರು ಬ್ಯಾರೇ ಮಂದಿ. ಬೆಂಗಳೂರು ಅಂತ ಬರಿ.'

ಹಾಗೆ ಬರೆದರೆ ಅರ್ಜಿ ವಾಪಸ್ಸು ಬರುತ್ತದೆ ಅಂದೆ. ಹಾಗಾದರೆ ನೀನೇ ಯಾವುದಾದರೂ ಹೆಸರು ಹಾಕು ಅಂದಳು. ಉದ್ಯಾನಕ್ಕೆ ಹೊತ್ತಾಗಿತ್ತು. ಹೆಬ್ಬೆಟ್ಟು ಒತ್ತಿ, ಬುತ್ತಿ ಗಂಟು ತಲೆ ಮೇಲಿಟ್ಟುಕೊಂಡು ಹೋದಳು. ಅರ್ಜಿ ನನ್ನ ಮೇಜಿನ ಮೇಲಿದೆ. ಆ ಒಂದು ಸಾಲು ಖಾಲಿ ಇದೆ.